ಮೇಣದಕ್ಕ ಎತ್ತಿಟ್ಟ ಚೂರು

ಆಪರೇಷನ್ನಿನಲ್ಲಿ ತೆಗೆದ ಅಂಗದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲೆ ಹಾಸುವುದು ಮೇಣದಕ್ಕನ ಕೆಲಸ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದಳು. ಒಬ್ಬ ರೋಗಿಯ ಮುಖವನ್ನೂ ಕಂಡವಳಲ್ಲ. ಅವಳಿಗೊಂದು ಚಟವಿತ್ತು. ಕೆಟ್ಟ ಭಾಗದ ಜೊತೆಗೆ, ಅಂಚಿನ ಒಳ್ಳೆಯ ಭಾಗದಿಂದಲೂ ಉಗುರಿನಷ್ಟು ತೆಗೆದು ಬೇರೆ ಅಚ್ಚಿನಲ್ಲಿ ಕೂರಿಸಿಡುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ.

"ಅಕ್ಕಾ, ಕಪಾಟು ತುಂಬಿ ತುಳುಕ್ತಿದೆ. ಒಳ್ಳೇದನ್ನಿಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?" ಎಂದು ಜೊತೆಯವರು ರೇಗಿಸುತ್ತಿದ್ದರು.

"ಇರ್ಲಿ ಬಿಡ್ರೋ, ನಿಮ್ಮಪ್ಪನ ಮನೆ ಗಂಟೇನೂ ಹೋಗಲ್ಲ" ಎನ್ನುತ್ತಿದ್ದಳು ಅಕ್ಕ.

ಒಂದು ಬೆಳಿಗ್ಗೆ ಜೀನ್ ಪರೀಕ್ಷೆ ಮಾಡುವ ಡಾಕ್ಟರಮ್ಮ ತಾವೇ ಕೆಳಗಿಳಿದು ಬಂದರು. ಜೊತೆಗೆ ಬಟ್ಟೆಗೆ ಬಣ್ಣ ಹಾಕುವ ಹೆಂಗಸು, ನಾಲ್ಕು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಅವಳ ಚೊಚ್ಚಲ ಮಗಳು ಹುಟ್ಟುವಾಗಲೇ ಒಂದು ಶ್ವಾಸಕೋಶದಲ್ಲಿ ನೀರುಗುಳ್ಳೆ ತುಂಬಿಕೊಂಡಿತ್ತು. ಆಪರೇಷನ್ ಮಾಡಿದರೂ ಹನ್ನೊಂದನೇ ದಿನ ಮಗು ತೀರಿಹೋಯಿತು. ಬಣ್ಣದ ಘಾಟು ಕುಡಿದು ಮಗುವನ್ನು ತಿಂದುಕೊಂಡಳೆಂದು ಅತ್ತೆ ಒಮ್ಮೆ ಅಂದಿದ್ದಳು. ಅಂದವಳು ಮರೆತಳು, ಇವಳು ಮರೆಯಲಿಲ್ಲ.

"ಶ್ವಾಸಕೋಶ ಮರದ ಹಾಗೆ ಕವಲೊಡೆದು ಬೆಳೆಯುತ್ತೆ. ಎಲ್ಲಿ ಕವಲೊಡೀಬೇಕು, ಎಲ್ಲಿ ನಿಲ್ಲಬೇಕು ಅಂತ ಹೇಳೋ ಜೀನ್‌ಗಳಿವೆ" ಎಂದರು ಡಾಕ್ಟರಮ್ಮ. "ಆ ಮಗುವಿನ ಕೆಟ್ಟ ಭಾಗದಲ್ಲಿ ಅಂಥದ್ದೊಂದು ಬದಲಾಗಿದೆ. ಮೈಯೆಲ್ಲಾ ಬದಲಾಗಿದ್ರೆ ಅದು ಅಪ್ಪ ಅಮ್ಮನಿಂದ ಬಂದಿರಬಹುದು, ಹೊಟ್ಟೆಯಲ್ಲಿರೋ ಈ ಮಗುವಿಗೂ ಬರಬಹುದು. ನೋಡೋಣ ಅಂದ್ರೆ ಆಗ ರಕ್ತ ಯಾರೂ ತೆಗೆದಿಟ್ಟಿಲ್ಲ. ಮಗುವಿನ ಕೆಡದ ಭಾಗ ಏನಾದ್ರೂ ನಿಮ್ಮಲ್ಲಿದೆಯಾ?"

ಮೇಣದಕ್ಕ ಕಪಾಟಿನ ಮೂರನೇ ಖಾನೆ ಎಳೆದು, ಆ ಮಗುವಿನ ಒಳ್ಳೆಯ ಚೂರನ್ನು ಡಾಕ್ಟರಮ್ಮನ ಅಂಗೈಯಲ್ಲಿಟ್ಟಳು.

ಎರಡು ವಾರಕ್ಕೆ ಫಲಿತಾಂಶ ಬಂತು. ಒಳ್ಳೆಯ ಚೂರಿನಲ್ಲಿ ಆ ಬದಲಾವಣೆ ಇರಲಿಲ್ಲ. ಮಗು ಒಳಗೆ ಬೆಳೆಯುವಾಗ ಅಷ್ಟು ಜಾಗದಲ್ಲಿ ಮಾತ್ರ ಆದದ್ದು, ಅಪ್ಪ ಅಮ್ಮನಿಂದ ಬಂದದ್ದಲ್ಲ, ಮತ್ತೆ ಆಗುವ ಸಂಭವ ತೀರಾ ಕಡಿಮೆ ಎಂದರು ಡಾಕ್ಟರಮ್ಮ. ಬಣ್ಣದ ಘಾಟಿನಿಂದ ಹೀಗಾಯಿತೆನ್ನಲು ಆಧಾರವೂ ಇಲ್ಲವೆಂದರು.

ಹೆಂಗಸು ನೇರ ನೆಲಮಾಳಿಗೆಗೆ ಬಂದು ಮೇಣದಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತಳು. ಇಷ್ಟು ವರ್ಷಕ್ಕೆ ತನ್ನ ಕೈಕೆಲಸವನ್ನು ಹುಡುಕಿಕೊಂಡು ಒಬ್ಬರು ಬಂದರಲ್ಲ ಎಂದು ಅಕ್ಕನೇ ಋಣಿಯಾಗಿದ್ದಳು.

"ಅಕ್ಕಾ, ನಾನೊಂದ್ಸಲ ನೋಡ್ಲಾ?"

ಅಕ್ಕ ಒಳ್ಳೆಯ ಚೂರಿನ ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟಳು. ಹೆಂಗಸು ಬಗ್ಗಿ ನೋಡಿದಳು. ಒಂದೇ ಅಳತೆಯ ಪುಟ್ಟ ಪುಟ್ಟ ಗೂಡುಗಳು, ಸಾಲಾಗಿ, ಅಚ್ಚುಕಟ್ಟಾಗಿ. ಎಷ್ಟೋ ಹೊತ್ತು ಕಣ್ಣು ತೆಗೆಯಲಿಲ್ಲ.

"ಅಕ್ಕಾ, ಇದನ್ನೂ ನಾನೇ ಮಾಡಿದ್ದಲ್ವಾ?"

"ಹೂಂ ಕಣಮ್ಮ" ಎಂದಳು ಮೇಣದಕ್ಕ. "ನೀನೇ."