ಕಮಿಟಿ ಬರುವ ದಿನದ ಪುಸ್ತಕಗಳು

ನಾನು ಓದಿದ್ದು ಲಿಂಗಸುಗೂರಿನ ಮಹಿಳಾ ಕಾಲೇಜಿನಲ್ಲಿ. ಆದರೆ ನನ್ನ ಡಿಗ್ರಿ ಸರ್ಟಿಫಿಕೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ನಾನು ಒಮ್ಮೆಯೂ ಕಾಲಿಡದ ಒಂದು ಯೂನಿವರ್ಸಿಟಿಯ ಹೆಸರು. ಕಾಲೇಜಿನ ಹೆಸರು ಕೆಳಗೆ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ. ಮದುವೆಯಾಗಿ ಸಿಂಧನೂರಿಗೆ ಬಂದ ಹೊಸತರಲ್ಲಿ ನಮ್ಮ ಅತ್ತೆ ಬಂದವರ ಮುಂದೆಲ್ಲ ಆ ದೊಡ್ಡ ಹೆಸರನ್ನೇ ಹೇಳುತ್ತಿದ್ದರು. ಕೇಳಿದವರು ಅಲ್ಲಿನ ಕಲ್ಲಿನ ಕಟ್ಟಡ ಹೇಗಿದೆ, ಗಡಿಯಾರದ ಗೋಪುರ ನಿಜಕ್ಕೂ ಅಷ್ಟು ಎತ್ತರವೇ ಎಂದು ನನ್ನನ್ನು ವಿಚಾರಿಸುವರು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಅತ್ತೆ ಹೇಳುತ್ತಿದ್ದುದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈಚೆಗೆ ಆ ಕಾಲೇಜಿನ ಪ್ರಿನ್ಸಿಪಾಲ್ ಫೋನ್ ಮಾಡಿದಳು. ಬಿ.ಎ.ಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತ ಗೆಳತಿ. ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ. ಶುರು ಮಾಡಲು ಅರ್ಜಿ ಹಾಕಿದ್ದಾರಂತೆ. ಆ ಯೂನಿವರ್ಸಿಟಿಯ ಕಮಿಟಿ ಬಂದು ನೋಡಿ ಹೂಂ ಅನ್ನಬೇಕಂತೆ. ಹಳೆಯ ವಿದ್ಯಾರ್ಥಿನಿ ಒಬ್ಬಳನ್ನು ಮಾತಾಡಿಸುವುದು ಅವರ ಪದ್ಧತಿಯಂತೆ.

“ನಿನ್ನ ಕಾನ್ವೆಂಟ್ ಇಂಗ್ಲಿಷು ಮಸಾಲಿ ಡಬ್ಬಿ ಹಿಂದ ಕುಂತು ಧೂಳ ಹಿಡಿಯಾಕತ್ತೈತಿ,” ಅಂದಳು. “ಒಂದಿನ ಝಾಡಿಸಿಕೊಂಡು ಬಾ ಬೇ.”

ನಾನು ಆಯ್ತು ಅಂದೆ. ಅವಳ ಮಾತಿಗಷ್ಟೇ ಅಲ್ಲ. ಮಸ್ಕಿಯಲ್ಲಿರುವ ನನ್ನ ತಂಗಿಯ ಮಗಳು ಅದೇ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಎಂ.ಎ. ಓದಬೇಕೆಂದು ಕಾಯುತ್ತಿದ್ದಳು. ಅವಳಪ್ಪನದು ಒಂದೇ ಮಾತು. ಲಿಂಗಸುಗೂರಿನಲ್ಲೇ ಎಂ.ಎ. ಬಂದರೆ ಓದಲಿ, ಸಂಜೆಗೆ ಮನೆಗೆ ಬಂದರಾಯಿತು. ಬರದಿದ್ದರೆ ಓದಿದಷ್ಟು ಸಾಕು. ಅವರು ಗಡುಸು ಮನುಷ್ಯರಲ್ಲ. ಮಗಳ ಪರೀಕ್ಷೆಯ ದಿನಗಳಲ್ಲಿ ಕಿರಾಣಿ ಅಂಗಡಿ ಮುಚ್ಚಿ, ಕಾಲೇಜಿನ ಗೇಟಿನ ಎದುರು ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದವರು. ದೂರ ಕಳಿಸುವುದು ಮಾತ್ರ ಅವರಿಂದ ಆಗದು.

ಕಮಿಟಿ ಬರುವ ದಿನ ಬೆಳಿಗ್ಗೆ ಸಿಂಧನೂರಿನಲ್ಲಿ ಬಸ್ಸು ಹತ್ತಿದೆ. ಸೀರೆಯ ನೆರಿಗೆ ಮುದುಡದ ಹಾಗೆ ಮಡಿಲ ಮೇಲೆ ಪೇಪರ್ ಹಾಸಿಕೊಂಡಿದ್ದೆ. ಕಾಲುವೆ ನೀರಿನ ಭತ್ತದ ಗದ್ದೆಗಳು ಹಿಂದೆ ಉಳಿದು ಮಸ್ಕಿ ಬಂತು. ಅಲ್ಲಿ ಹುಡುಗಿ ಹತ್ತಿದಳು. ಅವತ್ತು ಕಮಿಟಿಯ ಕಣ್ಣಿಗೆ ಕಾಣುವಂತೆ ಲೈಬ್ರರಿಯಲ್ಲಿ ಕೂತು ಓದುವ ಕೆಲಸ ಅವಳಿಗೂ ಬಂದಿತ್ತು. ಪಕ್ಕದಲ್ಲಿ ಕೂತವಳು ಬಹಳ ಹೊತ್ತು ದುಪ್ಪಟ್ಟಾದ ಅಂಚಿನ ದಾರ ಎಳೆಯುತ್ತಿದ್ದಳು. ಅವಳು ಏನೋ ಹೇಳಬೇಕಾದಾಗ ಹೀಗೆ ಮಾಡುವುದನ್ನು ಸಣ್ಣಾಕಿ ಇದ್ದಾಗಿನಿಂದ ನೋಡಿದ್ದೇನೆ.

“ದೊಡ್ಡವ್ವ, ಇಲ್ಲಿ ಎಂ.ಎ. ಬರಲಿಲ್ಲ ಅಂದ್ರ ಅಪ್ಪ ಅಲ್ಲಿಗೇ ಕಳಸಬಹುದಲ್ಲ?”

ಅಲ್ಲಿಗೆ ಅಂದರೆ ಆ ದೊಡ್ಡ ಯೂನಿವರ್ಸಿಟಿಗೆ. ನಿನಗೆ ಅಲ್ಲಿಗೇ ಹೋಗಬೇಕೇನು ಎಂದು ಕೇಳಿದೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಳಿಸದಿದ್ದರೆ ಏನು ಮಾಡುತ್ತೀ ಅಂದೆ. ಅದಕ್ಕೇ ಹೆದರಿಕೆ ಅಂದಳು. ಇಲ್ಲಿ ಎಂ.ಎ. ಬಂದರೆ ಎಂದೂ ಹೊರಗೆ ಹೋಗಲು ಆಗುವುದಿಲ್ಲ, ಬರದಿದ್ದರೆ ಮನೆಯಲ್ಲೇ ಉಳಿದರೂ ಉಳಿದೆ ಅಂತ ಮೆಲ್ಲಗೆ ಹೇಳಿ, ಮತ್ತೆ ದಾರಕ್ಕೆ ಕೈಹಾಕಿದಳು. ನಾನು ಕಮಿಟಿಯ ಮುಂದೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯಗಳೆಲ್ಲ ಅಲ್ಲೇ ಕಲಸಿಹೋದವು. ಹೊಗಳಿದರೆ ಇವಳಿಗೆ ಒಳ್ಳೆಯದು ಮಾಡಿದಂತೆಯೋ, ಕೆಟ್ಟದ್ದು ಮಾಡಿದಂತೆಯೋ?

ಕಾಲೇಜಿನ ಮೆಟ್ಟಿಲಿನ ಮುಂದೆ ರಂಗೋಲಿ ಹಾಕಿದ್ದರು. ಒಳಗಿನಿಂದ ಕೇಸರಿಬಾತಿನ ತುಪ್ಪದ ವಾಸನೆ ಬಂತು. ನಮ್ಮ ಕಾಲದಲ್ಲೂ ಕಮಿಟಿ ಬರುವ ದಿನಕ್ಕೆ ಇದೇ ವಾಸನೆ ಇತ್ತು, ಜೊತೆಗೆ ಮೈದಾ ಅಂಟಿನದು. ಆಗ ನಮ್ಮ ಲೈಬ್ರರಿಯಲ್ಲಿ ಎರಡೇ ಕಪಾಟು. ಕಮಿಟಿಯ ಹಿಂದಿನ ದಿನ ಗಂಡುಹುಡುಗರ ಕಾಲೇಜಿನಿಂದ ಟೆಂಪೋದಲ್ಲಿ ಪುಸ್ತಕ ತರಿಸುತ್ತಿದ್ದರು. ಹುಡುಗಿಯರೆಲ್ಲ ನೆಲದ ಮೇಲೆ ಕೂತು, ಆ ಕಾಲೇಜಿನ ಮುದ್ರೆ ಕಾಣದಂತೆ ನಮ್ಮ ಕಾಲೇಜಿನ ಲೇಬಲ್ ಅಂಟಿಸುವುದು. ಕಮಿಟಿ ಹೋದ ಮೇಲೆ ಒದ್ದೆ ಅರಿವೆಯಿಂದ ಒರೆಸಿ ಕೀಳುವುದು. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು. ಯಾರೂ ಅದನ್ನು ಮೋಸ ಎಂದುಕೊಂಡಿರಲಿಲ್ಲ. ಬೀಗರು ಬರುವಾಗ ಓಣಿಯವರ ಮನೆಯಿಂದ ಕುರ್ಚಿ ತರುವುದಿಲ್ಲವೇ, ಅಷ್ಟು ಸಹಜ. ಸತ್ಯವನ್ನೇ ಹೇಳು, ಪೂರ್ಣ ವಾಕ್ಯದಲ್ಲಿ ಹೇಳು ಎಂದು ಶಾಲೆಯಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತು ಬಂದಿದ್ದ ನಾನು ಕೂಡ ಲೇಬಲ್ಲು ಸೊಟ್ಟಗಾಗದಂತೆ ಅಳತೆಪಟ್ಟಿ ಇಟ್ಟು ಅಂಟಿಸಿದ್ದೆ.

ಆ ವರ್ಷ ಕಮಿಟಿಯಲ್ಲಿ ಒಬ್ಬ ಮೇಡಂ ಬಂದಿದ್ದರು. ಬಿಳಿ ಕಾಟನ್ ಸೀರೆ, ಎಡಗೈಯಲ್ಲಿ ಗಂಡಸರ ವಾಚು. ಕಿಟಕಿಯ ಹತ್ತಿರ ಓದುತ್ತಿರುವಂತೆ ಕೂತಿದ್ದ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಈ ಲೈಬ್ರರಿ ನಿನಗೆ ಇಷ್ಟವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಪೂರ್ಣ ವಾಕ್ಯದಲ್ಲೇ ಸುಳ್ಳು ಹೇಳಿದೆ. ಅವರು ಪುಸ್ತಕ ತೆರೆದಾಗ ಒಣಗದ ಲೇಬಲ್ಲು ಅವರ ಹೆಬ್ಬೆರಳಿಗೆ ಅಂಟಿಕೊಂಡು ಮೇಲೆದ್ದಿತು. ಕೆಳಗಿನ ಮುದ್ರೆ ನೇರಳೆ ಬಣ್ಣದಲ್ಲಿ ಎದ್ದು ಕಂಡಿತು. ಅವರು ಮುದ್ರೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಲೇಬಲ್ಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಹೆಬ್ಬೆರಳಿನಿಂದ ಮೂಲೆ ಮೂಲೆ ಒತ್ತಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಮುಂದೆ ಹೋದರು. ಕಾಲೇಜಿಗೆ ಒಪ್ಪಿಗೆ ಸಿಕ್ಕಿತು. ಆ ಒತ್ತುವುದರಲ್ಲಿ ಕರುಣೆ ಇತ್ತೋ, ಇಷ್ಟೇ ಇವರ ಹಣೆಬರಹ ಎಂಬ ತಾತ್ಸಾರವಿತ್ತೋ, ರೊಟ್ಟಿ ಬಡಿಯುವಾಗ ಎಷ್ಟೋ ಸಲ ಯೋಚಿಸಿದ್ದೇನೆ.

ಈಗಿನ ಲೈಬ್ರರಿ ದೊಡ್ಡದು, ಗೋಡೆಗೆಲ್ಲ ಹೊಸ ಬಣ್ಣ. ಆದರೆ ಕಪಾಟಿನ ಮುಂದೆ ನಿಂತ ಕೂಡಲೇ ಇಲ್ಲೂ ಕಡ ತಂದ ಪುಸ್ತಕಗಳಿವೆ ಎಂದು ನನಗೆ ತಿಳಿಯಿತು. ಮೇಲಿನ ಎರಡು ಸಾಲಿನ ಪುಸ್ತಕಗಳ ಮೇಲೆ ಧೂಳಿತ್ತು, ಆ ಸಾಲಿನ ಹಲಗೆಯ ಮೇಲೆ ಧೂಳಿರಲಿಲ್ಲ. ದಿನಾ ಮನೆ ಒರೆಸುವವರಿಗೆ ಇಂಥದ್ದು ಬೇಗ ಕಾಣುತ್ತದೆ. ಗೆಳತಿಯ ಕಡೆ ನೋಡಿದೆ. ಅವಳು ಕೇಸರಿಬಾತಿನ ತಟ್ಟೆ ಎಣಿಸುವವಳಂತೆ ಮುಖ ಹೊರಳಿಸಿದಳು. ಈಗ ಮೈದಾ ಅಂಟಿಲ್ಲ, ಕಂಪ್ಯೂಟರಿನಲ್ಲಿ ಅಚ್ಚಾದ ಗಟ್ಟಿ ಸ್ಟಿಕ್ಕರು. ತಾನಾಗಿ ಏಳುವಂಥದ್ದಲ್ಲ.

ಕಮಿಟಿಯಲ್ಲಿ ಮೂವರು. ಇಬ್ಬರು ಗಂಡಸರು ಕಟ್ಟಡದ ಅಳತೆ, ನಲ್ಲಿ, ಶೌಚಾಲಯ ನೋಡುತ್ತ ಹೋದರು. ನನ್ನ ಮಗಳ ವಯಸ್ಸಿನ ಒಬ್ಬ ಮೇಡಂ ಮಾತ್ರ ನನ್ನ ಹತ್ತಿರ ಬಂದು ಕೂತರು. ನಾನು ಇಂಗ್ಲಿಷಿಗೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಕನ್ನಡದಲ್ಲಿ ಶುರು ಮಾಡಿದರು. ಊರು, ಮನೆ, ಮಕ್ಕಳು ಎಲ್ಲ ಕೇಳಿದರು. ಕೊನೆಗೆ, ಎಂ.ಎ. ಓದಲು ಈ ಪುಸ್ತಕಗಳು ಸಾಕಾಗುತ್ತವೆ ಎಂದು ನಿಮಗೆ ಅನಿಸುತ್ತದೆಯೇ ಅಂದರು.

ನನ್ನ ಎದುರು, ಎರಡು ಮೇಜಿನ ಆಚೆ, ತಂಗಿಯ ಮಗಳು ಪುಸ್ತಕ ತೆರೆದು ಕೂತಿದ್ದಳು. ಪುಟ ತಿರುವುತ್ತಿರಲಿಲ್ಲ. ಗೆಳತಿ ಬಾಗಿಲ ಹತ್ತಿರ ನಿಂತಿದ್ದಳು. ಸಾಕು ಅನ್ನಬೇಕೆಂದುಕೊಂಡೆ. ಸಾಲದು ಅನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು ಎರಡೂ ಅಲ್ಲ.

“ಮೇಡಂ, ನನ್ನ ಸರ್ಟಿಫಿಕೇಟಿನ್ಯಾಗ ನಿಮ್ಮ ಯೂನಿವರ್ಸಿಟಿ ಹೆಸರು ಐತಿ. ನಿಮ್ಮ ಲೈಬ್ರರಿ ಹೆಂಗೈತಿ ಅಂತ ನಾ ನೋಡಿಲ್ಲರೀ. ಈ ಹುಡುಗ್ಯಾರೂ ನೋಡಿಲ್ಲ. ಕೋರ್ಸ್ ಇಲ್ಲೇ ಇರಲಿ, ಓದಾಕ ಒಂದೀಟು ದಿನ ನಿಮ್ಮಲ್ಲಿಗೆ ಕರಕೊಳ್ರಿ.”

ಅವರು ಪೆನ್ನಿನ ಮುಚ್ಚಳ ತೆಗೆದರು. ಕಪಾಟಿನ ಮೇಲಿನ ಸಾಲನ್ನು ಒಂದು ಸಲ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಏನು ಬರೆದರೆಂದು ಓದೋಣವೆಂದರೆ ನನ್ನ ಕನ್ನಡಕ ಚೀಲದಲ್ಲಿತ್ತು.

ಕಮಿಟಿ ಹೋದ ಮೇಲೆ ಗೆಳತಿ ನನ್ನನ್ನು ಗೇಟಿನ ತನಕ ಬಿಟ್ಟಳು. “ನಮ್ಮಲ್ಲಿ ಪುಸ್ತಕ ಇಲ್ಲ ಅಂತ ಭಾಳ ನಯವಾಗಿ ಹೇಳಿದಿ,” ಅಂದಳು. ನಾನು ಹಾಗೆ ಹೇಳಿಲ್ಲ ಅಂದೆ. ಹೇಳಿದ್ದೆನೇನೋ. ಬಸ್ಸಿನಲ್ಲಿ ಹುಡುಗಿ ದಾರಿಯುದ್ದಕ್ಕೂ ದುಪ್ಪಟ್ಟಾದ ದಾರ ಎಳೆದಳು. ಮಸ್ಕಿಯಲ್ಲಿ ಇಳಿಯುವಾಗ ನನ್ನ ಕೈ ಒಮ್ಮೆ ಹಿಡಿದು, ಬಿಟ್ಟಳು. ಅದು ಸಿಟ್ಟೋ, ಥ್ಯಾಂಕ್ಸೋ.

ಎರಡು ತಿಂಗಳಾದ ಮೇಲೆ ಆದೇಶ ಬಂತು. ಎಂ.ಎ.ಗೆ ಒಪ್ಪಿಗೆ ಕೊಟ್ಟಿದ್ದರು. ಕೆಳಗೆ ಒಂದು ಷರತ್ತು: ಹುಡುಗಿಯರು ಪ್ರತಿ ಸೆಮಿಸ್ಟರಿನಲ್ಲಿ ಒಂದು ತಿಂಗಳು ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿದ್ದು ಅಲ್ಲಿನ ಲೈಬ್ರರಿಯಲ್ಲಿ ಓದಬೇಕು. ಅದು ನನ್ನ ಮಾತಿನಿಂದ ಬಂತೋ, ಎಲ್ಲ ಕಾಲೇಜಿಗೂ ಹಾಕುವ ಷರತ್ತೋ ತಿಳಿಯದು. ಗೆಳತಿಯನ್ನು ಕೇಳೋಣವೆಂದರೆ ಅವಳು ಫೋನ್ ಮಾಡುವುದನ್ನು ಬಿಟ್ಟಿದ್ದಳು. ಹುಡುಗಿಯ ಅಪ್ಪ ಮಾತ್ರ ಅಂಗಡಿಯಿಂದಲೇ ಫೋನ್ ಮಾಡಿದರು.

“ಅಕ್ಕಾರ, ಅಡ್ಮಿಷನ್ ಲಿಂಗಸುಗೂರಾಗ, ಒಂದ್ ತಿಂಗಳು ಓದೋದು ಅಲ್ಲಿ. ಹಂಗಾರ ನಮ್ಮ ಹುಡುಗಿ ಎಲ್ಲಿ ಓದಾಕತ್ತಾಳ ಅಂತ ಹೇಳಬೇಕು?”

ನಾನೂ ಇಷ್ಟು ವರ್ಷ ಅದನ್ನೇ ಕೇಳಿಕೊಂಡಿದ್ದೇನೆ ಎಂದು ಹೇಳಲಿಲ್ಲ. ಲಿಂಗಸುಗೂರಲ್ಲೇ ಅಂದೆ. ಅವರು ಹೂಂಗುಟ್ಟಿದರು. ಆಮೇಲೆ, ತಾವೇ ಹೋಗಿ ಹಾಸ್ಟೆಲಿನ ಬಾಗಿಲ ಚಿಲಕ ನೋಡಿ ಮಗಳನ್ನು ಬಿಟ್ಟು ಬರುವುದಾಗಿ ಹೇಳಿದರು.

ಮೊನ್ನೆ ಹುಡುಗಿ ಅಲ್ಲಿಂದ ಫೋನ್ ಮಾಡಿದಳು. ಅಲ್ಲಿ ಇವರನ್ನು ಲಿಂಗಸುಗೂರು ಹುಡುಗಿಯರು ಅಂತಲೇ ಕರೆಯುತ್ತಾರಂತೆ. ಸಹಿ ಮಾಡಲು ಬೇರೆ ರಿಜಿಸ್ಟರು, ಕೂರಲು ಮೂಲೆಯ ಮೇಜು. ಅಲ್ಲಿನವರಿಗೆ ಪುಸ್ತಕ ರೂಮಿಗೆ ಕೊಡುತ್ತಾರೆ, ಇವರಿಗೆ ಕೊಡುವುದಿಲ್ಲ. ನನಗೆ ಕಸಿವಿಸಿಯಾಯಿತು. ಹೀಗಿದ್ದರೆ ಕಳಿಸಿದ್ದು ತಪ್ಪಾಯಿತೇನೋ ಎನ್ನಿಸಿ, ಏನು ಕೇಳಬೇಕೋ ತಿಳಿಯದೆ, ನೀನು ಓದುವ ಪುಸ್ತಕದ ಒಳಗೆ ಯಾವ ಕಾಲೇಜಿನ ಮುದ್ರೆ ಇದೆ ಎಂದು ಕೇಳಿಬಿಟ್ಟೆ.

“ಮುದ್ರಿ ನೋಡಿಲ್ಲ ದೊಡ್ಡವ್ವ. ಓದೋದು ಇನ್ನ ಅರ್ಧ ಐತಿ, ಆರಕ್ಕ ಲೈಬ್ರರಿ ಬಾಗಿಲಾ ಹಾಕ್ತಾರ. ನಾಳೆ ಮಾತಾಡ್ತೀನಿ,” ಎಂದು ಇಟ್ಟುಬಿಟ್ಟಳು.

ಇದನ್ನು ಗೆಳತಿಗೆ ಹೇಳಬೇಕೆನಿಸಿತು. ಅವಳ ನಂಬರು ತೆಗೆದೆ. ಹೇಳಿದರೆ ನಗುತ್ತಾಳೋ, ಮತ್ತೆ ನೊಂದುಕೊಳ್ಳುತ್ತಾಳೋ ಗೊತ್ತಾಗದೆ, ಫೋನು ಕೈಯಲ್ಲೇ ಹಿಡಿದು ಬಹಳ ಹೊತ್ತು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದೆ.