ಐಸ್ ಕೊರೆಯುವ ಯಂತ್ರಕ್ಕೆ ಕೊಬ್ಬರಿ ಎಣ್ಣೆ

ಗೆಳೆಯರೇ, ಪಕ್ಕದ ಮನೆಯ ಜಿಮ್ ಇಲ್ಲಿ ಕೊನೆಯ ಸಲ ಮೀನು ಹಿಡಿಯುವುದನ್ನು ಇಂದು ಬೆಳಗ್ಗೆ ನಾನೇ ಕೆಡಿಸಿದೆ. ಪಕ್ಕದೂರು ಬಾಸ್ಕಿಂಗ್ ರಿಡ್ಜಿನಲ್ಲಿದ್ದ ಅವನ ಕೆಲಸ ಹೋಯಿತು, ಆಮೇಲೆ ಮನೆಯನ್ನು ಬ್ಯಾಂಕಿನವರು ತೆಗೆದುಕೊಂಡರು. ನಾಳೆ ಫ್ಲೋರಿಡಾದ ಮಗಳ ಮನೆಗೆ ಹೊರಡುತ್ತಾನೆ.

ಹೆಪ್ಪುಗಟ್ಟಿದ ಕೆರೆಯಲ್ಲಿ ಗಾಳ ಇಳಿಸಲು ತೂತು ಕೊರೆಯುವ ಅವನ ಬ್ಯಾಟರಿ ಯಂತ್ರ ಕಿರುಗುಟ್ಟುತ್ತಿತ್ತು. "ನೀನು ಇಂಜಿನಿಯರ್ ಅಲ್ಲವೇ?" ಎಂದು ನನ್ನ ಕೈಗೆ ಕೊಟ್ಟಿದ್ದ. ನಾನು ಸಾಫ್ಟ್‌ವೇರಿನವನು. ಆದರೂ ಮೈಸೂರಿನಲ್ಲಿ ಅಮ್ಮ ಕಿರುಗುಟ್ಟುವ ಬಾಗಿಲಿಗೆಲ್ಲ ಬಿಡುತ್ತಿದ್ದ ಕೊಬ್ಬರಿ ಎಣ್ಣೆಯನ್ನೇ ಕರಗಿಸಿ ಗೇರಿಗೆ ಸುರಿದೆ. ಬೆಚ್ಚಗಿನ ಬೇಸ್‌ಮೆಂಟಿನಲ್ಲಿ ಗರಗರ ತಿರುಗಿತು. ಕೆರೆಯ ಮೇಲೆ ಎಣ್ಣೆ ಗಟ್ಟಿಯಾಗಿ ಮೋಟಾರು ನಿಂತೇಬಿಟ್ಟಿತು.

ಹೆಂಡತಿಗೆ ಫೋನ್ ಮಾಡಿದೆ. "ರೀ, ತಲೆಗೆ ಹಚ್ಕೊಳ್ಳೋಕೇ ದಿನಾ ಬಾಟ್ಲಿನ ಬಿಸಿನೀರಲ್ಲಿ ಇಡ್ತೀರಲ್ಲ, ಅಷ್ಟೂ ಹೊಳೀಲಿಲ್ವಾ?" ಅಂದಳು.

ಜಿಮ್ ಬೈಯಲಿಲ್ಲ. ಯಂತ್ರವನ್ನು ಮೂಸಿ ನೋಡಿ, "ಬೀಚಿನಲ್ಲಿ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ವಾಸನೆ. ಫ್ಲೋರಿಡಾ ಆಗಲೇ ಬಂದುಬಿಟ್ಟಿದೆ" ಎಂದ. ನಗಲಿಲ್ಲ. "ಅಲ್ಲಿ ಐಸ್ ಎಲ್ಲಿದೆ? ಇದನ್ನು ನೀನೇ ಇಟ್ಟುಕೋ, ನಿಧಾನವಾಗಿ ರಿಪೇರಿ ಮಾಡು."

ಮಾಡುತ್ತೇನೆ. ಮೊನ್ನೆ ಶುಕ್ರವಾರ ನಮ್ಮ ಆಫೀಸಿನವರು ನನ್ನ ಬ್ಯಾಡ್ಜನ್ನೂ ಇಸಿದುಕೊಂಡು ಮನೆಗೆ ಕಳಿಸಿದರು. ಪುರುಸೊತ್ತಿಗೇನೂ ಕೊರತೆಯಿಲ್ಲ.