ನನ್ನ ಮಾತಿಗೆ ಕೊಟ್ಟ ಮಿಷನ್‌ಗಳು

ಹೋದ ತಿಂಗಳು ಕುಂಭಾಶಿಗೆ ಹೋಗಿ ಬರುವಾಗ ಹೆದ್ದಾರಿ ಪಕ್ಕದ ಹೊಸ ಹೋಟೆಲೊಂದರಲ್ಲಿ ಚಾ ಕುಡಿಯಲು ಕೂತಿದ್ದೆ. ನಡೆದು ಸುಸ್ತಾಗಿತ್ತು. ಚಪ್ಪಲಿ ಕಳಚಿ ಮೇಜಿನಡಿಗೆ ಕಾಲು ಚಾಚಿದೆ. ಅಂಗಾಲಿಗೆ ತಣ್ಣಗೆ, ಜಾಲರಿ ಜಾಲರಿಯಾಗಿ ಏನೋ ತಾಗಿತು. ಬಗ್ಗಿ ನೋಡುವ ಅಗತ್ಯವೇ ಬೀಳಲಿಲ್ಲ, ಕಾಲಿಗೇ ಗೊತ್ತಾಯಿತು. ಹೊಲಿಗೆ ಮಿಷನ್ನಿನ ಪೆಡಲು. ಅಭ್ಯಾಸಬಲ, ಹಿಮ್ಮಡಿ ತನ್ನಷ್ಟಕ್ಕೆ ಒತ್ತಿತು. ಅದು ಅಲುಗಲಿಲ್ಲ. ಅಲುಗದ ಹಾಗೆ ವೆಲ್ಡಿಂಗ್ ಮಾಡಿ ಬಿಗಿದಿದ್ದರು. ಮೇಲೆ ಕಪ್ಪು ಗ್ರಾನೈಟಿನ ಹಾಸು, ಅದರ ಮೇಲೆ ನನ್ನ ಚಾ. ಸುತ್ತ ನೋಡಿದರೆ ಹೋಟೆಲಿನ ಮೇಜುಗಳೆಲ್ಲ ಹೀಗೆಯೇ, ಬಳ್ಳಿ ಬಳ್ಳಿಯ ಕಬ್ಬಿಣದ ಕಾಲಿನವು...

ಚಾ ಅರ್ಧಕ್ಕೇ ಬಿಟ್ಟು ಎದ್ದೆ. ಆದರೆ ನೆನಪು ಒಮ್ಮೆ ಎದ್ದು ಕೂತರೆ ಅದನ್ನು ಹೋಟೆಲಿನಲ್ಲಿ ಬಿಟ್ಟು ಬರಲಾಗುತ್ತದೆಯೇ.

ಅವರನ್ನು ನಾನು ಅಣ್ಣಯ್ಯ ಎನ್ನುತ್ತಿದ್ದೆ. ಸಂಬಂಧ ಏನೂ ಇಲ್ಲ. ಬೊಂಬಾಯಿಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಮಿಷನ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವರು, ಊರಿಗೆ ಬಂದು ಕುಂದಾಪುರ ಪೇಟೆಯ ಒಂದು ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದರು. ನಮ್ಮ ಅತ್ತೆಯವರು ತೀರಿಕೊಂಡ ಮೇಲೆ ಅವರ ಹಳೆಯ ಮಿಷನ್ನನ್ನು ರಿಕ್ಷಾದಲ್ಲಿ ಹೇರಿಕೊಂಡು ನಾನು ಮೊದಲ ಸಲ ಅಲ್ಲಿಗೆ ಹೋದದ್ದು. ಚಕ್ರ ತಿರುಗುತ್ತಿರಲಿಲ್ಲ, ಕಲ್ಲಿನ ಹಾಗೆ ಕಚ್ಚಿ ಕೂತಿತ್ತು. ಅಣ್ಣಯ್ಯ ತಗಡಿನ ಮುಚ್ಚಳ ಬಿಚ್ಚಿದರು, ಮೂಗು ಹತ್ತಿರ ಕೊಂಡುಹೋದರು, ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಇದ್ಕ್ ತೆಂಗಿನೆಣ್ಣಿ ಬಿಟ್ಟದ್ ಯಾರ್ ಮಾರಾಯ್ತಿ? ದ್ವಾಸಿ ಹೊಯ್ಯುಕ್ ಇಟ್ಕಂಡದ್ದಾ?"

ನಮ್ಮ ಕಡೆಯ ಮನೆಗಳಲ್ಲಿ ಅದೊಂದು ರೂಢಿ. ತಲೆಗೂ ತೆಂಗಿನೆಣ್ಣೆ, ಬಾಗಿಲ ಕೀಲಿಗೂ ತೆಂಗಿನೆಣ್ಣೆ, ಮಿಷನ್ನಿಗೂ ಅದೇ. ಒಂದೆರಡು ವರ್ಷದಲ್ಲಿ ಅದು ಅಂಟಾಗಿ, ಮತ್ತೆ ಅರಗಿನಂತಾಗಿ ಹಲ್ಲುಗಳನ್ನೆಲ್ಲ ಹಿಡಿದುಬಿಡುತ್ತದೆ. ಮಿಷನ್ ಹಾಳಾಯಿತೆಂದು ಜನ ಮೂಲೆಗೆ ತಳ್ಳುತ್ತಾರೆ. ಅಣ್ಣಯ್ಯ ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಅದರ ಒಂದೊಂದು ಸಂದಿಯನ್ನೂ ಒರೆಸಿದರು. ಚಕ್ರವನ್ನು ಬಲಾತ್ಕಾರ ಮಾಡದೆ, ಮಗುವಿನ ಕೈ ಹಿಡಿದ ಹಾಗೆ ಹಿಡಿದು, ಒಂದಿಷ್ಟು ಅತ್ತ ಒಂದಿಷ್ಟು ಇತ್ತ ಆಡಿಸುತ್ತ ಕೂತರು. ಮೂರನೆಯ ದಿನ ಅದು ತಿರುಗಿತು. ಆ ಶಬ್ದ ಕೇಳಿ ನನಗೆ ಅತ್ತೆಯವರೇ ಒಳಕೋಣೆಯಲ್ಲಿ ಕೂತಿದ್ದಾರೆ ಎನಿಸಿತು...

ನಾನು ಕೌದಿ ಹೊಲಿಯುವವಳು. ಹಳೆಯ ಹತ್ತಿ ಸೀರೆಗಳನ್ನು ಐದಾರು ಪದರ ಮಾಡಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ ಹೊಲಿಯುವುದು. ಈಗಿನ ಪ್ಲಾಸ್ಟಿಕ್ ಮಿಷನ್‌ಗಳು ಮೂರನೆಯ ಪದರಕ್ಕೇ ಮುಗ್ಗರಿಸುತ್ತವೆ, ಸೂಜಿ ಮುರಿಯುತ್ತದೆ. ಹಳೆಯ ಕರಿ ಕಬ್ಬಿಣದವು ಹಾಗಲ್ಲ. ಎಷ್ಟು ಪದರ ಕೊಟ್ಟರೂ ಗದ್ದೆ ಉಳುವ ಎತ್ತಿನ ಹಾಗೆ ತಲೆ ತಗ್ಗಿಸಿ ಹೋಗುತ್ತವೆ. ಅತ್ತೆಯವರ ಮಿಷನ್ನಿನಲ್ಲಿ ಹೊಲಿದ ಮೊದಲ ಕೌದಿ ನೋಡಿ ಅಣ್ಣಯ್ಯ ಸುಮ್ಮನೆ ತಲೆಯಾಡಿಸಿದರು. ಅಲ್ಲಿಂದ ನನಗೆ ಮರುಳು ಹಿಡಿಯಿತು. ಎಲ್ಲಿ ಹಳೆಯ ಮಿಷನ್ ಇದೆಯೆಂದರೆ ಅಲ್ಲಿಗೆ ನಾವಿಬ್ಬರೂ ಹೊರಡುತ್ತಿದ್ದೆವು. ತಲ್ಲೂರು, ಬ್ರಹ್ಮಾವರ, ಬೈಂದೂರು ಕಡೆ, ಘಟ್ಟದ ಬುಡದ ಹಳ್ಳಿಗಳು. ಅವರು ಜಗಲಿಯಲ್ಲಿ ಕೂತು ಮಿಷನ್ ನೋಡುವುದು, ನಾನು ಅಡುಗೆಮನೆಗೆ ಹೋಗಿ ಮನೆಯ ಹೆಂಗಸರ ಹತ್ತಿರ ಮಾತಾಡುವುದು. ಮಾತು ನನಗೆ ಅಜ್ಜಿಯಂದಿರಿಂದ ಬಂದದ್ದು, ಅದಕ್ಕೆ ನಾನು ಪಟ್ಟ ಕಷ್ಟ ಏನೂ ಇಲ್ಲ.

ನಾವು ಹೇಳುತ್ತಿದ್ದ ಮಾತು ಒಂದೇ. ಮಿಷನ್ನನ್ನು ಗುಜರಿಗೆ ಹಾಕಬೇಡಿ. ರಿಪೇರಿ ಮಾಡಿ ನಾನು ಹೊಲಿಯುತ್ತೇನೆ, ಇಲ್ಲವಾದರೆ ಹೊಲಿಗೆ ಕಲಿಯುವ ಯಾರಾದರೂ ಹೆಣ್ಣುಮಗಳಿಗೆ ಕೊಡುತ್ತೇವೆ. ನಿಮ್ಮ ಮಿಷನ್ ಎಲ್ಲೋ ಒಂದು ಮನೆಯಲ್ಲಿ ಹೊಲಿಯುತ್ತ ಇರುತ್ತದೆ. ಈ ಕೊನೆಯ ಮಾತು ಅಣ್ಣಯ್ಯನದು. ನಾನು ಅದನ್ನು ಎಷ್ಟು ಅಡುಗೆಮನೆಗಳಲ್ಲಿ ಹೇಳಿದೆನೋ. ಯಾರೂ ದುಡ್ಡು ಕೇಳಲಿಲ್ಲ. ಕೆಲವರು ಅರಸಿನ ಕುಂಕುಮ ಹಚ್ಚಿ ಕಳಿಸಿಕೊಟ್ಟರು. ಎಂಟು ಮಿಷನ್ ನನ್ನ ಮನೆಗೆ ಬಂದವು. ಉಳಿದವು ರಿಪೇರಿಗೆಂದು ಅಣ್ಣಯ್ಯನ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದವು.

ಸಿದ್ದಾಪುರ ಹತ್ತಿರದ ಹಿರಿಯಮ್ಮನ ಮನೆಗೆ ಹೋದದ್ದು ಹೀಗೆಯೇ, ಯಾರೋ ಹೇಳಿ. ಊರವರೆಲ್ಲ ಅವರನ್ನು ಹಿರಿಯಮ್ಮ ಎಂದೇ ಕರೆಯುತ್ತಿದ್ದರು. ಆ ಊರಿನ ಶಾಲೆ ಮಕ್ಕಳ ಲಂಗ ರವಕೆಗಳನ್ನೆಲ್ಲ ಒಂದು ಕಾಲದಲ್ಲಿ ಅವರೇ ಹೊಲಿದುಕೊಟ್ಟದ್ದಂತೆ. ಈಗ ಮೊಣಕಾಲ ಗಂಟು ನೋವು, ಪೆಡಲು ಒತ್ತಲಾಗದು. ಆದರೆ ಮಿಷನ್ನಿನ ಮೇಲೆ ಒಂದು ಕಣ ಧೂಳು ಇರಲಿಲ್ಲ. ಹೊನ್ನಿನ ಬಣ್ಣದ ಹೂಬಳ್ಳಿ ಕೈ ಊರುವ ಜಾಗದಲ್ಲಿ ಮಾತ್ರ ಅಳಿಸಿಹೋಗಿತ್ತು. ನಾನೇ ಚಕ್ರ ತಿರುಗಿಸಿ ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು.

"ನೀ ಹೊಲಿತ್ಯಲ್ದಾ ಮಗಾ?" ಎಂದರು ಹಿರಿಯಮ್ಮ. "ಹೊಲುಕಾರೆ ತಕಂಡ್ ಹೋಗ್. ಚಂದಕ್ಕ್ ಇಡುಕಾರೆ ಇಲ್ಲೇ ಇರ್ಲಿ. ಚಂದಕ್ಕೆ ನಾನೇ ಇದ್ನಲೆ."

ನಗಾಡಿದೆವು. ಆಮೇಲೆ ಒಳಗೆ ಹೋಗಿ ಹಳೆಯ ಸೀರೆಗಳ ಒಂದು ಗಂಟು ತಂದು ನನ್ನ ಮಡಿಲಿಗಿಟ್ಟರು. ಆ ಮಿಷನ್ನಿನಲ್ಲಿ ನಾನು ಹೊಲಿಯುವ ಮೊದಲ ಕೌದಿ ಈ ಸೀರೆಗಳದ್ದಾಗಬೇಕು, ಅದನ್ನು ಅವರಿಗೇ ತಂದುಕೊಡಬೇಕು. ಅವರು ಕೇಳಿದ್ದು ಅಷ್ಟೇ. ಆಗಲಿ ಎಂದು ಅವರ ಕೈ ಮೇಲೆ ಕೈಯಿಟ್ಟು ಹೇಳಿದೆ.

ಮಿಷನ್ ಅಣ್ಣಯ್ಯನ ಶೆಡ್ಡಿಗೆ ಹೋಯಿತು. ಒಮ್ಮೆ ಬಿಚ್ಚಿ ತೊಳೆದು ಕೊಡುತ್ತೇನೆ ಎಂದಿದ್ದರು. ವಾರ ಬಿಟ್ಟು ಕೇಳಿದರೆ ಒಳಗಿನ ಶಾಫ್ಟ್ ಕಚ್ಚಿಕೊಂಡಿದೆ, ತೆಂಗಿನೆಣ್ಣೆ ಬಿಟ್ಟು ಬಿಟ್ಟು ಹಾಳು ಮಾಡಿದ್ದಾರೆ ಎಂದರು. ತಿಂಗಳು ಬಿಟ್ಟು ಕೇಳಿದರೆ, "ಪಾರ್ಟ್ ಬೊಂಬಾಯಿಂದ ಬರ್ಕ್ ತಂಗಿ. ಅವಸ್ರ ಮಾಡ್ರೆ ಆತಿಲ್ಲೆ." ನನ್ನ ಕೈಯೇ ತಿರುಗಿಸಿದ ಚಕ್ರ ಅದು. ಬೆಣ್ಣೆಯ ಹಾಗೆ ತಿರುಗಿದ್ದು ನನಗೆ ನೆನಪಿತ್ತು. ಆದರೂ ನನ್ನ ಕೈ ಹೇಳಿದ್ದನ್ನು ಬಿಟ್ಟು ಅವರ ಬಾಯಿ ಹೇಳಿದ್ದನ್ನು ನಂಬಿದೆ. ಅಣ್ಣಯ್ಯ ಅಲ್ಲವೇ...

ಮಳೆಗಾಲ ಮುಗಿಯಿತು. ಹಿರಿಯಮ್ಮ ಎರಡು ಸಲ ಯಾರ ಹತ್ತಿರವೋ ಹೇಳಿ ಕಳಿಸಿದರು, ಕೌದಿ ಆಯಿತಾ ಎಂದು. ಅಣ್ಣಯ್ಯನಿಗೆ ಹೇಳಿಕೊಂಡೆ. ಅವರು ಬೀಡಿ ಕೆಳಗಿಟ್ಟು, "ಬೇರೆ ಮಿಷನಲ್ಲಿ ಹೊಲ್ದ್ ಕೊಡ್. ಅಮ್ಮಂಗೆ ಎಂತ ಗೊತ್ತಾತ್ತ್?" ಎಂದರು.

ಹಾಗೆ ಮಾಡಿದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ನನ್ನ ಎಂಟರಲ್ಲಿ ಅತಿ ಚೆನ್ನಾಗಿ ಹೊಲಿಯುವುದು ಯಾವುದೋ ಅದರಲ್ಲೇ ಹೊಲಿದೆ, ತಪ್ಪನ್ನು ಚೆಂದದಿಂದ ಮುಚ್ಚುವವರ ಹಾಗೆ. ಮಡಚಿ ಹೆಗಲಿಗೆ ಹಾಕಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ.

ಹಿರಿಯಮ್ಮ ಜಗಲಿಯಲ್ಲಿ ಕೌದಿ ಬಿಡಿಸಿ ಹಾಸಿದರು. ಒಂದೊಂದು ಸೀರೆಯನ್ನೂ ಗುರುತು ಹಿಡಿದರು. ಇದು ದೊಡ್ಡ ಮಗಳು ಹುಟ್ಟಿದಾಗಿನದು, ಇದು ಗದ್ದೆ ನಾಟಿಗೆ ಉಡುತ್ತಿದ್ದದ್ದು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಅವರು ಕಣ್ಣು ಮುಚ್ಚಿಕೊಂಡು ಒಂದು ಹೊಲಿಗೆಯ ಸಾಲಿನ ಮೇಲೆ ತೋರುಬೆರಳು ಇಟ್ಟು, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದುಕೊಂಡು ಹೋದರು. ಮತ್ತೊಂದು ಸಾಲು. ಮತ್ತೊಂದು. ಬೆರಳು ನಿಂತಿತು.

"ಇದ್ ನನ್ ಮಿಷನಲ್ಲಿ ಹೊಲ್ದದ್ದ್ ಅಲ್ಲ."

ನಾನು ಏನೋ ಹೇಳಲು ಹೋದೆ.

"ಎಲ್ಲ ಹೊಲ್ಗಿ ಒಂದೇ ನಮ್ನಿ ಇತ್ತಲೆ ಮಗಾ. ನನ್ ಮಿಷನ್ ಇಷ್ಟ್ ಲಾಯ್ಕ್ ಹೊಲೂದಿಲ್ಲೆ. ಏಳೆಂಟ್ ಹೊಲ್ಗಿಗ್ ಒಂದ್ ಉದ್ದಕ್ಕೆ ಹಾರ್ಕ್ ಅದ್." ಸಿಟ್ಟು ಮಾಡಲಿಲ್ಲ. ಕೌದಿಯನ್ನು ಮಡಚಿ ಪಕ್ಕಕ್ಕಿಟ್ಟು ಕೇಳಿದರು, "ನನ್ ಮಿಷನ್ ಎಲ್ಲಿತ್ತ್?"

ಅದೇ ಬಸ್ಸಿಗೆ ಕುಂದಾಪುರಕ್ಕೆ ಬಂದು ನೆಟ್ಟಗೆ ಅಂಗಡಿಗೆ ಹೋದೆ. ಅಂಗಡಿ ಮುಚ್ಚಿತ್ತು. ಹಿಂದೆಯೇ ಮನೆ. ಅಣ್ಣಯ್ಯನ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು.

"ಅವ್ರ್ ಬೈಂದೂರಿಗ್ ಹೋಯಿರ್ ಮಾರಾಯ್ತಿ. ಹೊಸ ಹೋಟ್ಲಿಗ್ ಟೇಬಲ್ ಕೂರ್ಸುಕ್. ನಿಂಗ್ ಹೇಳ್ಲಿಲ್ಯಾ?" ಎಂದರು.

ಪಾಪ, ಅವರಿಗೆ ಮುಚ್ಚಿಡುವುದು ಏನೂ ಇರಲಿಲ್ಲ. ನಾನು ಕೇಳಿದ ಕೂಡಲೇ ಶೆಡ್ಡಿನ ಬಾಗಿಲು ತೆಗೆದರು. ಒಳಗೆ ಪೆಡಲಿನ ಕಬ್ಬಿಣದ ಸ್ಟ್ಯಾಂಡ್ ಒಂದೇ ಒಂದು ಇರಲಿಲ್ಲ, ಎಲ್ಲ ಹೋಟೆಲಿನ ಮೇಜಿನ ಕಾಲಾಗಿ ಹೋಗಿದ್ದವು. ಮಿಷನ್ನಿನ ತಲೆಗಳು ಮಾತ್ರ ಮೂಲೆಯಲ್ಲಿ ತೆಂಗಿನಕಾಯಿ ರಾಶಿ ಹಾಕಿದ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಅವು ಗುಜರಿಗೆ ಹೋಗುವಂಥವು ಎಂದು ಅತ್ತಿಗೆಯೇ ಹೇಳಿದರು. ಒಂದೊಂದನ್ನೂ ನಾನು ಗುರುತು ಹಿಡಿದೆ. ಇದು ತಲ್ಲೂರಿನದು, ಇದನ್ನು ಕೊಟ್ಟಾಕೆ ಬಾಗಿಲ ತನಕ ಬಂದು ಅತ್ತಿದ್ದಳು. ಇದು ಬ್ರಹ್ಮಾವರದ್ದು, ಕುಂಕುಮ ಇನ್ನೂ ಮಾಸಿಲ್ಲ... ಹಿರಿಯಮ್ಮನದು ಬದಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅಳಿಸಿದ ಹೂಬಳ್ಳಿ ಮೇಲ್ಮುಖವಾಗಿತ್ತು. ಚಕ್ರಕ್ಕೆ ಕೈ ಹಚ್ಚಿದೆ. ಅದು ಆಗಲೂ ಬೆಣ್ಣೆಯ ಹಾಗೆಯೇ ತಿರುಗಿತು.

ಅಣ್ಣಯ್ಯ ಬರುವ ತನಕ ಅಲ್ಲೇ ಕೂತೆ. ಬಂದವರು ನನ್ನನ್ನೂ ತೆರೆದ ಬಾಗಿಲನ್ನೂ ನೋಡಿದರು. ಆಮೇಲೆ ಏನೂ ಆಗದವರ ಹಾಗೆ ಕೈ ಒರೆಸಿಕೊಂಡರು.

"ನಿನ್ ಮನಿಯಗೆ ಎಂಟ್ ಮಿಷನ್ ಇತ್ತ್ ತಂಗಿ. ಇನ್ನೆಷ್ಟ್ ಹೊಲಿತೆ? ಕಲಿತೆ ಅಂದೇಳಿ ಬಪ್ಪು ಹೆಣ್ ಮಕ್ಳ್ ಯಾರಿದ್ರ್ ಈಗ?"

"ಹಂಗಾರ್ ನಾ ಮನಿ ಮನಿಗ್ ಹೋಯಿ ಹೇಳದ್ದ್ ಎಂತ ಅಣ್ಣಯ್ಯ?" ಎಂದೆ.

"ನಾ ಕೇಂಡ್ರೆ ಯಾರ್ ಕೊಡ್ತಿದ್ರ್? ನಿನ್ ಬಾಯಿ ಕಂಡ್ ಕೊಟ್ರ್," ಎಂದರು. ನನಗೆ ಮರ್ಯಾದೆ ಕೊಟ್ಟು ಹೇಳುವ ಮಾತಿನ ಹಾಗೆಯೇ ಹೇಳಿದರು. ಅದು ನನಗೆ ಶೆಡ್ಡಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಚುಚ್ಚಿತು. ಅಷ್ಟು ವರ್ಷ ನಾವಿಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದೇವೆ ಎಂದುಕೊಂಡಿದ್ದೆ. ಅವರು ತಮ್ಮ ಚೀಲದಲ್ಲಿ ಸ್ಪಾನರ್, ಸ್ಕ್ರೂಡ್ರೈವರ್ ಒಯ್ಯುತ್ತಿದ್ದ ಹಾಗೆ ನನ್ನ ಮಾತನ್ನೂ ಒಯ್ಯುತ್ತಿದ್ದರು.

ಹಿರಿಯಮ್ಮನ ಮಿಷನ್ನಿನ ತಲೆಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ. ಭಾರ ಇತ್ತು. ರಿಕ್ಷಾ ತನಕ ಹೊತ್ತು ತರಲು ಅವರು ಕೈ ಚಾಚಿದರು, ನಾನು ಕೊಡಲಿಲ್ಲ.

ಸ್ಟ್ಯಾಂಡ್ ಹೋದದ್ದು ಹೋಯಿತು. ನನ್ನಲ್ಲಿದ್ದ ಒಂದು ಕೈಮಿಷನ್ನಿನ ಹಿಡಿಕೆ ಬಿಚ್ಚಿ ಇದರ ಚಕ್ರಕ್ಕೆ ಕೂರಿಸಿದೆ. ಹಲಸಿನ ಹಲಗೆಯೊಂದನ್ನು ಕೆಳಗೆ ಕೊಟ್ಟು ಬಿಗಿದೆ. ಎಲ್ಲವೂ ಅವರು ಹೇಳಿಕೊಟ್ಟ ಕೆಲಸವೇ, ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ, ಎಲ್ಲಿ ಬಿಗಿ, ಎಲ್ಲಿ ಸಡಿಲ. ಅವರ ಮೇಲೆ ಕುದಿಯುತ್ತಲೇ ಅವರ ವಿದ್ಯೆಯನ್ನು ಮಾಡುತ್ತಿದ್ದೆ. ಸಿದ್ದಾಪುರಕ್ಕೆ ಕೊಂಡುಹೋಗಿ ಹಿರಿಯಮ್ಮನ ಮುಂದಿಟ್ಟು, ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ಕೇಳುತ್ತಲೇ ಇದ್ದರು. ಕೊನೆಗೆ ಕೌದಿಯನ್ನು ತಂದು, "ಒಂದ್ ಸಾಲ್ ಬಿಚ್ಚ್. ಇದ್ರಲ್ಲಿ ಹೊಲಿ," ಎಂದರು. ಬಿಚ್ಚಿದೆ. ನಾನು ಬಟ್ಟೆ ಹಿಡಿದೆ, ಹಿಡಿಕೆ ಅವರೇ ತಿರುಗಿಸಿದರು. ಹೊಲಿಗೆ ನಡುನಡುವೆ ಉದ್ದಕ್ಕೆ ಹಾರುತ್ತ ಹೋಯಿತು. ಆ ಮಿಷನ್ನನ್ನು ಅಲ್ಲೇ ಬಿಟ್ಟುಬಂದೆ. ಅವರು ಬೇಡ ಎನ್ನಲಿಲ್ಲ.

ಹಿರಿಯಮ್ಮನ ಹತ್ತಿರ ಹೋದ ಹಾಗೆ ಉಳಿದ ಮನೆಗಳಿಗೆ ನಾನು ಹೋಗಲಿಲ್ಲ. ಅಷ್ಟು ಧೈರ್ಯ ಬರಲಿಲ್ಲ. ಅಣ್ಣಯ್ಯ ಆಮೇಲೆ ಎರಡು ಮೂರು ಸಲ ಫೋನ್ ಮಾಡಿದರು, ಒಮ್ಮೆ ಹೊಸ ಸೂಜಿಗಳ ಪೊಟ್ಟಣ ಕಳಿಸಿದರು. ನಾನು ಮಾತಾಡಲಿಲ್ಲ. ಅಂಗಡಿ ಮುಚ್ಚಿ ಗಂಡ ಹೆಂಡತಿ ಮಗನ ಹತ್ತಿರ ಬೊಂಬಾಯಿಗೆ ಹೋದರೆಂದೂ, ಅಲ್ಲೇ ಅವರು ತೀರಿಕೊಂಡರೆಂದೂ ಗೊತ್ತಾದದ್ದು ಬಹಳ ತಡವಾಗಿ. ಆ ದಿನ ಹೊಲಿಯಲು ಕೂತವಳು ಹಾಗೇ ಎದ್ದೆ... ಕಣ್ಣೀರು ಬಂತೋ ಇಲ್ಲವೋ, ಸರಿಯಾಗಿ ನೆನಪಿಲ್ಲ. ಸಿಟ್ಟು ಮಾಡುವುದಕ್ಕೂ ಎದುರಿಗೆ ಒಬ್ಬರು ಬೇಕು.

ಈ ಹೋಟೆಲಿನಿಂದ ಬಂದ ವಾರದಲ್ಲೇ ಬ್ರಹ್ಮಾವರದಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಮನೆಯಲ್ಲಿ ಅಮ್ಮನ ಕಾಲದ ಮಿಷನ್ ಇದೆ, ಕಚ್ಚಿಕೊಂಡಿದೆ, ನೀವು ತೆಗೆದುಕೊಂಡು ಹೋಗುತ್ತೀರಂತೆ ಎಂದು ಕೇಳಿದಳು. ಈಗ ನಾನು ಯಾರ ಮನೆಯಿಂದಲೂ ಮಿಷನ್ ತರುವುದಿಲ್ಲ, ಯಾರಿಗೂ ಮಾತು ಕೊಡುವುದಿಲ್ಲ. ಅಲ್ಲೇ ಇಟ್ಟುಕೊಳ್ಳಿ, ನಾನೇ ಬಂದು ತೋರಿಸುತ್ತೇನೆ ಎಂದೆ. ಹೋದೆ. ಮುಚ್ಚಳ ಬಿಚ್ಚಿ, ಚಿಮಣಿ ಎಣ್ಣೆಯ ಬಟ್ಟೆ ಅವಳ ಕೈಗೇ ಕೊಟ್ಟೆ. ಬಲಾತ್ಕಾರ ಮಾಡಬೇಡ, ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ಎಂದು ಹೇಳುತ್ತ ಹೋದೆ. ಸಂಜೆಯ ಹೊತ್ತಿಗೆ ಚಕ್ರ ಕಾಲು ಸುತ್ತು ತಿರುಗಿತು. ಅವಳ ಮುಖ ಅರಳಿದ್ದು ನೋಡಬೇಕಿತ್ತು.

"ಇದೆಲ್ಲ ನಿಮ್ಗೆ ಹೇಳ್ಕೊಟ್ಟದ್ ಯಾರ್ ಅಕ್ಕ?" ಎಂದು ಕೇಳಿದಳು.

ನಾಲಗೆಯ ತುದಿಗೆ ಬಂದ ‘ಅಣ್ಣಯ್ಯ’ ಎಂಬುದನ್ನು ಹಾಗೇ ಹಿಡಿದುಕೊಂಡೆ.

"ಕುಂದಾಪ್ರದಗೆ ಒಬ್ರ್ ರಿಪೇರಿಯವ್ರ್ ಇದ್ದಿದ್ರ್," ಎಂದೆ.